ಒಂದು ಕಡೆ ಕೂರದ ಮಗುವಿಗೆ ಮನೆಮದ್ದು: ಯಾವುದು ಕೊಡಬಹುದು, ಯಾವುದು ಬೇಡವೇ ಬೇಡ

"ನಮ್ಮ ಮಗು ಒಂದು ನಿಮಿಷ ಸುಮ್ನೆ ಕೂರಲ್ಲ" ಅಂತ ಹೇಳಿ ನೋಡಿ. ಕೇಳಿದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಅಜ್ಜಿ ಬಜೆ ತೇಯ್ದು ನೆಕ್ಕಿಸು ಅನ್ನುತ್ತಾರೆ. ಪಕ್ಕದ ಮನೆಯವರು ಬ್ರಾಹ್ಮಿ ಸಿರಪ್ ತರಿಸಿಕೊಡುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಜಾಯಿಕಾಯಿ ಹಾಲಿನ ವಿಡಿಯೋ ಬರುತ್ತದೆ. ಇವುಗಳಲ್ಲಿ ಕೆಲವು ಒಳ್ಳೆಯವು, ಕೆಲವು ಕೊಟ್ಟರೂ ಬಿಟ್ಟರೂ ಒಂದೇ, ಇನ್ನು ಕೆಲವು ಮಗುವನ್ನು ಆಸ್ಪತ್ರೆಗೆ ಸೇರಿಸುವಷ್ಟು ಅಪಾಯದವು. ಹೇಳುವವರು ಮಾತ್ರ ಎಲ್ಲವನ್ನೂ ಒಂದೇ ಧೈರ್ಯದಲ್ಲಿ ಹೇಳುತ್ತಾರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಎಡಿಎಚ್‌ಡಿಯನ್ನು, ಅಂದರೆ ಗಮನ ನಿಲ್ಲದೆ ಅತಿಯಾಗಿ ಚಡಪಡಿಸುವ ತೊಂದರೆಯನ್ನು, ವಾಸಿ ಮಾಡುವ ಸೊಪ್ಪು, ಬೇರು ಯಾವುದೂ ಇಲ್ಲ. ಆದರೆ ಊಟದ ರೂಪದಲ್ಲಿ, ಸಂಜೆಯ ದಿನಚರಿಯ ಭಾಗವಾಗಿ ಕೆಲವನ್ನು ಧಾರಾಳವಾಗಿ ಬಳಸಬಹುದು. ಮಗು ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗುವ ಹಾಗೆ ಮಾಡುವುದಕ್ಕೆ ಇವು ಒಂದು ನೆಪ. ಆ ನೆಪಕ್ಕೆ ಬೆಲೆ ಇದೆ.

ಹಂತ 1: ಇದು ತುಂಟತನವೋ, ಬೇರೆ ಏನಾದರೂ ಇದೆಯೋ ನೋಡಿ

ಮೂರು ವರ್ಷದ ಮಗು ಮನೆ ತುಂಬಾ ಓಡಾಡುವುದು ಕಾಯಿಲೆ ಅಲ್ಲ. ಆ ವಯಸ್ಸೇ ಹಾಗೆ. ಎಡಿಎಚ್‌ಡಿ ಅನ್ನಬೇಕಾದರೆ ಡಾಕ್ಟರು ಕೆಲವು ಸಂಗತಿ ನೋಡುತ್ತಾರೆ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು. ಮನೆಯಲ್ಲಷ್ಟೇ ಅಲ್ಲ, ಶಾಲೆಯಲ್ಲೋ ಆಟದ ಜಾಗದಲ್ಲೋ ಕೂಡ ಕಾಣಬೇಕು. ಮಗುವಿನ ಓದು, ಗೆಳೆತನ, ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿರಬೇಕು. ಶಾಲೆಯಲ್ಲಿ ಟೀಚರ್ "ಚೆನ್ನಾಗಿ ಕೂತು ಕೇಳುತ್ತಾನೆ" ಅಂದು, ಮನೆಯಲ್ಲಿ ಮಾತ್ರ ರಂಪ ಆಗುತ್ತಿದ್ದರೆ, ಹುಡುಕಬೇಕಾದ್ದು ಮನೆಯ ದಿನಚರಿಯಲ್ಲಿ.

ಇನ್ನೊಂದು ಮುಖ್ಯ ವಿಷಯ. ಎಡಿಎಚ್‌ಡಿ ಥರ ಕಾಣುವ ಬೇರೆ ತೊಂದರೆಗಳು ಬಹಳ ಇವೆ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿರಬಹುದು. ನಿದ್ದೆ ಸರಿಯಾಗದ ಮಕ್ಕಳು ದೊಡ್ಡವರ ಹಾಗೆ ತೂಕಡಿಸುವುದಿಲ್ಲ, ಉಲ್ಟಾ ಜಾಸ್ತಿ ಕುಣಿಯುತ್ತಾರೆ. ಕಿವಿ ಸರಿಯಾಗಿ ಕೇಳದ ಮಗು "ಹೇಳಿದ ಮಾತೇ ಕೇಳಲ್ಲ" ಅನ್ನಿಸಿಕೊಳ್ಳುತ್ತದೆ. ಜಂತುಹುಳ ಇದ್ದರೆ ರಾತ್ರಿ ಹಿಂಭಾಗ ತುರಿಸಿ ಹೊರಳಾಡುತ್ತದೆ. ಥೈರಾಯ್ಡ್ ಏರಿದರೂ ಮಗುವಿಗೆ ಚಡಪಡಿಕೆ ಇರುತ್ತದೆ.

ಕಬ್ಬಿಣದ ಕೊರತೆಯನ್ನು ಮಾತ್ರ ಮರೆಯಲೇಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 65ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣ ಕಡಿಮೆಯಾದ ಮಕ್ಕಳಿಗೆ ಗಮನ ನಿಲ್ಲುವುದಿಲ್ಲ, ನಿದ್ದೆಯಲ್ಲಿ ಕಾಲು ಒದರುವುದೂ ಉಂಟು. ಹಿಮೋಗ್ಲೋಬಿನ್ ಜೊತೆಗೆ, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಬೇಕಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಇಂಥ ಮಗುವಿಗೆ ಬ್ರಾಹ್ಮಿ ಕೊಡುತ್ತಾ ಕೂತರೆ ತಿಂಗಳುಗಳು ದಂಡ.

ಹಂತ 2: ಒಂದು ವಾರ ಏನೂ ಕೊಡದೆ ಬರೆದಿಡಿ

ಮದ್ದು ಶುರು ಮಾಡುವ ಮುಂಚೆ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ರಾತ್ರಿ ನಾಲ್ಕೇ ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು, ಮೊಬೈಲ್ ಮತ್ತು ಟಿವಿ ಎಷ್ಟು ಹೊತ್ತು, ದೊಡ್ಡ ಗಲಾಟೆ ಯಾವ ಹೊತ್ತಿಗೆ. ಕೊನೆಗೆ ದಿನ ಹೇಗಿತ್ತು ಅಂತ 10ಕ್ಕೆ ಒಂದು ಅಂಕ. ಇಷ್ಟು ಸಾಕು.

ಯಾಕೆ ಅಂದರೆ, ನಾವು ದುಡ್ಡು ಕೊಟ್ಟು ತಂದ ಮದ್ದು ಕೆಲಸ ಮಾಡಿದ ಹಾಗೆ ಕಾಣುತ್ತದೆ. ಮಗುವಿಗೆ ಒಳ್ಳೆಯ ದಿನ, ಕೆಟ್ಟ ದಿನ ಹೇಗೂ ಇರುತ್ತವೆ. ಒಳ್ಳೆಯ ದಿನದ ಕೀರ್ತಿ ಸಿರಪ್‌ಗೆ ಹೋಗುತ್ತದೆ, ಕೆಟ್ಟ ದಿನದ ಬೈಗುಳ ಮಗುವಿಗೆ. ಬರೆದಿಟ್ಟರೆ ಈ ಅನ್ಯಾಯ ಕಡಿಮೆಯಾಗುತ್ತದೆ.

ಪಟ್ಟಿಯಲ್ಲಿ ನಿದ್ದೆ ಮೊದಲು ನೋಡಿ. 3ರಿಂದ 5 ವರ್ಷದವರಿಗೆ ಹಗಲು ನಿದ್ದೆ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರೂವರೆಗೆ ಸ್ಕೂಲ್ ವ್ಯಾನಿಗೆ ಎದ್ದರೆ ಲೆಕ್ಕ ಎಲ್ಲಿ ಸರಿಹೋಗುತ್ತದೆ?

ಹಂತ 3: ಕೊಡುವ ಮುಂಚೆ ಕೆಲವನ್ನು ನಿಲ್ಲಿಸಿ

ನಮ್ಮ ಕಡೆ ಮಕ್ಕಳಿಗೂ ಸಂಜೆ ಲೋಟ ಹಿಡಿದು ಕಾಫಿ ಕೊಡುವ ಮನೆಗಳಿವೆ. "ಹಾಲೇ ಜಾಸ್ತಿ, ಡಿಕಾಕ್ಷನ್ ಸ್ವಲ್ಪ" ಅನ್ನುತ್ತಾರೆ. ಸ್ವಲ್ಪವೂ ಬೇಡ. ಟೀ, ಕೋಲಾ, ಎನರ್ಜಿ ಡ್ರಿಂಕ್ ಕೂಡ ಬೇಡ. ಕಾಫಿ, ಟೀ ಕಬ್ಬಿಣದ ಹೀರಿಕೆಗೂ ಅಡ್ಡ ಬರುತ್ತವೆ.

ಆಮೇಲೆ ಬಣ್ಣ. ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೃತಕ ಬಣ್ಣಗಳ ಮಿಶ್ರಣ ಕುಡಿದ ಮಕ್ಕಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಿದ್ದು ಕಂಡಿತು. 2010ರಿಂದ ಯುರೋಪಿನಲ್ಲಿ ಅಂಥ ಆರು ಬಣ್ಣಗಳಿರುವ ತಿಂಡಿಗಳ ಮೇಲೆ ಎಚ್ಚರಿಕೆ ಬರೆಯುವುದು ಕಡ್ಡಾಯ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಣ್ಣದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಅದಕ್ಕೆ ಕಾರಣ ಬೇರೆ, ವಿಷದ ರೋಡಮಿನ್-ಬಿ ಥರದ ಬಣ್ಣಗಳು. ಆದರೂ ನಮ್ಮ ವಿಷಯಕ್ಕೂ ಅನುಕೂಲವಾಯಿತು. ಸಕ್ಕರೆಯ ಮೇಲಿನ ಆರೋಪ ಮಾತ್ರ ಪರೀಕ್ಷೆಗಳಲ್ಲಿ ನಿಂತಿಲ್ಲ. ಸಿಹಿ ತಿಂದರೆ ಮಗು ಕುಣಿಯುತ್ತದೆ ಅನ್ನುವುದು ನಮ್ಮ ಭಾವನೆಯೇ ಜಾಸ್ತಿ. ಹಲ್ಲಿನ ಸಲುವಾಗಿ ಕಡಿಮೆ ಮಾಡಿ, ಅದು ಬೇರೆ ಮಾತು.

ಅಂಗಡಿ ಕಾಡಿಗೆಯನ್ನೂ ನಿಲ್ಲಿಸಿ. ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕಿದೆ. ಸೀಸ ಮಕ್ಕಳ ಮಿದುಳಿಗೆ ಹೋದರೆ ಗಮನ ಕಡಿಮೆಯಾಗಿ ಚಡಪಡಿಕೆ ಹೆಚ್ಚುತ್ತದೆ. ಸೀಸಕ್ಕೆ "ಇಷ್ಟಾದರೆ ಪರವಾಗಿಲ್ಲ" ಅನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಸೀಸದ ಮಾತು ಮುಂದೆ ಮತ್ತೆ ಬರುತ್ತದೆ.

ಹಂತ 4: ಒಂದೆಲಗದಿಂದ ಶುರು ಮಾಡಿ

ಗಿಡಗಳಲ್ಲಿ ನನ್ನ ಮೊದಲ ಆಯ್ಕೆ ಇದೇ. ಮಲೆನಾಡು, ಕರಾವಳಿಯ ಊಟದಲ್ಲಿ ತಲೆಮಾರುಗಳಿಂದ ಇದೆ. ತುಳುವಿನಲ್ಲಿ ತಿಮರೆ ಅನ್ನುತ್ತಾರೆ. ಮಗು ಅದನ್ನು ಮದ್ದು ಅಂತಲ್ಲ, ಅನ್ನದ ಜೊತೆ ಉಣ್ಣುತ್ತದೆ.

ಗಿಡ ಗುರುತಿಸುವಾಗ ಎಚ್ಚರ. ಬ್ರಾಹ್ಮಿ ಅನ್ನುವ ಹೆಸರಿನಲ್ಲಿ ನಮ್ಮಲ್ಲಿ ಎರಡು ಗಿಡ ಮಾರಾಟವಾಗುತ್ತವೆ. ಒಂದೆಲಗದ ಎಲೆ ದುಂಡಗೆ, ಅಂಚು ಸ್ವಲ್ಪ ಗರಗಸದ ಹಾಗೆ, ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಎಲೆ. ನೀರು ಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ನುಣುಪು. ದಂಟಿಗೆ ಜೋಡಿ ಜೋಡಿಯಾಗಿ ಇರುತ್ತದೆ, ಬಹಳ ಕಹಿ. ಅಡುಗೆಗೆ ಬೇಕಾದ್ದು ಮೊದಲನೆಯದು.

ಒಂದೆಲಗ ನೀರು ನಿಲ್ಲುವ ಜಾಗದಲ್ಲಿ ಬೆಳೆಯುತ್ತದೆ. ಅಂದರೆ ಚರಂಡಿ ಪಕ್ಕದಲ್ಲೂ ಹುಲುಸಾಗಿ ಬರುತ್ತದೆ, ಮಣ್ಣಿನಲ್ಲಿರುವ ಕೊಳೆಯನ್ನೂ ಹೀರುತ್ತದೆ. ಮಾರುಕಟ್ಟೆಯ ಕಟ್ಟು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಅಗಲದ ಕುಂಡದಲ್ಲಿ ಒಂದು ಬಳ್ಳಿ ನೆಟ್ಟು, ಅರೆ ನೆರಳಿನಲ್ಲಿಟ್ಟು, ಮಣ್ಣು ಒಣಗದಂತೆ ನೋಡಿಕೊಂಡರೆ ಕುಂಡದ ತುಂಬಾ ಹರಡುತ್ತದೆ. ಬಾಡಿಗೆ ಮನೆಯ ಬಾಲ್ಕನಿಯಲ್ಲೂ ಆಗುತ್ತದೆ. ನೀರು ಹಾಕುವ ಕೆಲಸ ಮಗುವಿಗೇ ಕೊಡಿ. ಕುಣಿಯುವ ಮಗುವಿಗೆ ಕೈತುಂಬಾ ಕೆಲಸ ಇರುವುದು ಒಳ್ಳೆಯದು, ಅಲ್ವಾ?

ತಂಬುಳಿ ಮಾಡುವುದು ಹೀಗೆ. ನಾಲ್ಕು ಜನರಿಗೆ ಒಂದು ಹಿಡಿ ಎಲೆ, ಎಳೆ ದಂಟಿದ್ದರೆ ಅದೂ ಇರಲಿ. ಮೊದಲು ಎರಡು ಮೂರು ಸಲ ತೊಳೆಯಿರಿ. ಉಪ್ಪು ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಮೂರು ನಾಲ್ಕು ಕಾಳುಮೆಣಸು ಹುರಿದು, ಎಲೆ ಹಾಕಿ ಬಾಡಿಸಿ. ಆರಿದ ಮೇಲೆ ಕಾಲು ಕಪ್ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಒಂದೂವರೆ ಕಪ್ ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ತುಪ್ಪದಲ್ಲಿ ಸಾಸಿವೆಯ ಒಗ್ಗರಣೆ ಕೊಡಿ. ಕುದಿಸಬಾರದು, ಮಜ್ಜಿಗೆ ಒಡೆಯುತ್ತದೆ. ಕಹಿ ಅಂತ ಮಗು ಮುಖ ಸಿಂಡರಿಸಿದರೆ ಕಾಯಿ ಜಾಸ್ತಿ ಹಾಕಿ, ಚೂರು ಬೆಲ್ಲ ಸೇರಿಸಿ. ಅದಕ್ಕೂ ಒಪ್ಪದಿದ್ದರೆ ದೋಸೆ ಹಿಟ್ಟಿಗೆ ನಾಲ್ಕು ಎಲೆ ರುಬ್ಬಿ ಹಾಕಿ, ಹಸಿರು ದೋಸೆ ಅಂತ ಕೊಡಿ.

ಪ್ರಮಾಣ? ಎರಡು ವರ್ಷ ದಾಟಿದ ಮಗುವಿಗೆ ವಾರಕ್ಕೆ ಎರಡು ಸಲ, ಊಟದಲ್ಲಿ ಒಂದೆರಡು ಚಮಚದಿಂದ ಒಂದು ಸಣ್ಣ ಬಟ್ಟಲು. ದಿನಾ ಬೆಳಿಗ್ಗೆ ಹಸಿ ರಸ ಹಿಂಡಿ ಕುಡಿಸುವುದು ಬೇಡ. ಒಂದೆಲಗವನ್ನು ಮದ್ದಿನ ಪ್ರಮಾಣದಲ್ಲಿ ವಾರಗಟ್ಟಲೆ ತೆಗೆದುಕೊಂಡ ದೊಡ್ಡವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ಅಪರೂಪಕ್ಕೆ ವರದಿಯಾಗಿವೆ. ಸೊಪ್ಪಾಗಿ ಊಟದಲ್ಲಿ ತಿನ್ನುವುದಕ್ಕೂ ರಸವಾಗಿ ಕುಡಿಯುವುದಕ್ಕೂ ಅಷ್ಟು ವ್ಯತ್ಯಾಸ ಇದೆ.

ಇದರಿಂದ ಮಗು ಶಾಂತವಾಗುತ್ತದೆ ಅಂತ ಮಕ್ಕಳ ಮೇಲೆ ಗಟ್ಟಿಯಾದ ಪುರಾವೆ ಇಲ್ಲ. ಆದರೆ ಒಳ್ಳೆಯ ಊಟ, ಖರ್ಚಿಲ್ಲ, ಹಾನಿಯಿಲ್ಲ. ಅದಕ್ಕೇ ಮೊದಲ ಸ್ಥಾನ ಕೊಟ್ಟೆ.

ಹಂತ 5: ಸಂಜೆಗೆ ಒಂದು ಕ್ರಮ ಕಟ್ಟಿ

ಗಿಡಮೂಲಿಕೆಗಿಂತ ಅದನ್ನು ಬಳಸುವ ಕ್ರಮಕ್ಕೇ ಜಾಸ್ತಿ ಶಕ್ತಿ. ದಿನಾ ಅದೇ ಹೊತ್ತು, ಅದೇ ಸಾಲು. ಸಂಜೆ ಐದರಿಂದ ಆರೂವರೆ ಮೈ ದಣಿಯುವ ಆಟ. ಏಳೂವರೆಗೆ ಊಟ. ಊಟದ ನಂತರ ಮೊಬೈಲ್, ಟಿವಿ ಬಂದ್. ಆಮೇಲೆ ಬಿಸಿನೀರಿನ ಸ್ನಾನ ಅಥವಾ ಕೈಕಾಲು ಮುಖ ತೊಳೆಯುವುದು, ಎಣ್ಣೆ ತಿಕ್ಕುವುದು, ಕಥೆ, ನಿದ್ದೆ.

ಎಣ್ಣೆ ಅಂದರೆ ಶುದ್ಧ ಕೊಬ್ಬರಿ ಎಣ್ಣೆ ಸಾಕು. ಬೆಚ್ಚಗೆ ಮಾಡಿ ಅಂಗಾಲು, ಮೀನಖಂಡ, ಬೆನ್ನು, ನೆತ್ತಿಗೆ ಹತ್ತು ನಿಮಿಷ ನಿಧಾನವಾಗಿ ತಿಕ್ಕಿ. ಒಂದೆಲಗದ ಎಲೆ ಹಾಕಿ ಕಾಯಿಸಿದ ಎಣ್ಣೆಯೂ ಆಗಬಹುದು. ಕೆಲಸ ಮಾಡುವುದು ನಿಮ್ಮ ಕೈ ಅಂತ ನನ್ನ ನಂಬಿಕೆ, ಎಲೆಯಲ್ಲ. ಶನಿವಾರವೋ ಭಾನುವಾರವೋ ಎಣ್ಣೆ ಸ್ನಾನ ಮಾಡಿಸುವ ರೂಢಿ ಇದ್ದರೆ ಬಿಡಬೇಡಿ. ಆ ಮಧ್ಯಾಹ್ನದ ನಿದ್ದೆ ಎಂಥದ್ದು ಅಂತ ನಮಗೇ ಗೊತ್ತು.

ಕುಡಿಯುವ ನೀರಿಗೆ ಲಾವಂಚ ಹಾಕಬಹುದು. ಬೇರನ್ನು ಚೆನ್ನಾಗಿ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ, ಮಣ್ಣಿನ ಮಡಕೆಯ ನೀರಿಗೆ ಬಿಡಿ. ಎರಡು ಮೂರು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ. ತಂಪಾದ ವಾಸನೆ, ಬಣ್ಣದ ಜ್ಯೂಸಿನ ಬದಲಿಗೆ ಚೆನ್ನಾಗಿ ಒಗ್ಗುತ್ತದೆ. ಇಷ್ಟೇ ಅದರ ಉಪಕಾರ.

ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಕ್ಯಾಮೊಮೈಲ್ ಚಹಾವನ್ನು ಐದು ವರ್ಷ ದಾಟಿದವರಿಗೆ ತೆಳ್ಳಗೆ ಅರ್ಧ ಕಪ್ ಕೊಡಬಹುದು. ಅದು ಸೇವಂತಿಗೆಯ ಕುಟುಂಬದ್ದು. ಸೇವಂತಿಗೆ ಹೂವಿಗೆ ಸೀನು, ತುರಿಕೆ ಬರುವ ಮಗುವಿಗೆ ಬೇಡ.

ಹಂತ 6: ಬಾಟಲಿ, ಮಾತ್ರೆ ಕೊಳ್ಳುವ ಮುಂಚೆ

ನೀರು ಬ್ರಾಹ್ಮಿಯ ಸಾರವನ್ನು ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ 6ರಿಂದ 14 ವರ್ಷದ ಹುಡುಗರಿಗೆ 14 ವಾರ ಕೊಟ್ಟು, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ಹೋಲಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ನಡವಳಿಕೆಯ ಅಂಕಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕೇಸರಿಯ ಮಾತ್ರೆ ಕೊಟ್ಟು ಇರಾನಿನಲ್ಲಿ ಮಾಡಿದ ಪ್ರಯೋಗ ಆಸೆ ಹುಟ್ಟಿಸುವಂತಿತ್ತು. ಆದರೆ ಮಕ್ಕಳು ಬರೀ 54, ಅವಧಿ ಆರು ವಾರ. ಹಾಲಿಗೆ ಎರಡೆಳೆ ಕೇಸರಿ ಹಾಕಿ ಕೊಡಿ, ರುಚಿಗೆ. ಅದನ್ನು ಚಿಕಿತ್ಸೆ ಅಂದುಕೊಳ್ಳಬೇಡಿ.

ಸಾರಸ್ವತಾರಿಷ್ಟವನ್ನು "ಬುದ್ಧಿಗೆ ಒಳ್ಳೇದು" ಅಂತ ಕೊಡುವವರು ಬಹಳ. ಅರಿಷ್ಟ, ಆಸವಗಳು ಹುದುಗಿಸಿ ಮಾಡುವವು. ಅವುಗಳಲ್ಲಿ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಲೇಬಲ್ ತಿರುಗಿಸಿ ಓದಿ. ಮಗುವಿಗೆ ವೈದ್ಯರು ಹೇಳದೆ ಕೊಡಬೇಡಿ. ಪುಷ್ಯ ನಕ್ಷತ್ರದ ದಿನ ಹಾಕಿಸುವ ಸ್ವರ್ಣಪ್ರಾಶನಕ್ಕೂ ಇದೇ ಮಾತು: ಚಡಪಡಿಕೆ ಇಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಅಶ್ವಗಂಧ ಈಗ ಎಲ್ಲ ಕಡೆ ಸಿಗುತ್ತದೆ. ಲಿವರ್ ತೊಂದರೆಯ ವರದಿಗಳಿವೆ, ಥೈರಾಯ್ಡ್ ಮೇಲೂ ಪರಿಣಾಮ ಇದೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಮಕ್ಕಳಿಗೆ ನೀವಾಗಿ ಶುರು ಮಾಡಬೇಡಿ.

ಈಗ ಸೀಸದ ಮಾತು. ಅಮೆರಿಕದ ಬಾಸ್ಟನ್‌ನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಇದು 2004ರ ವರದಿ. ಎಲ್ಲ ಔಷಧವೂ ಹಾಗಲ್ಲ. ಆದರೆ ಗಮನ ಹೆಚ್ಚಿಸಲು ಕೊಟ್ಟದ್ದರಲ್ಲೇ ಗಮನ ಕೆಡಿಸುವ ಸೀಸ ಇದ್ದರೆ ಅದಕ್ಕಿಂತ ದುರಂತ ಬೇರೆ ಇಲ್ಲ. ಆದ್ದರಿಂದ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ, ಪೂರ್ತಿ ಪದಾರ್ಥ ಪಟ್ಟಿ ಇಲ್ಲದ್ದನ್ನು ತರಲೇಬೇಡಿ. ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ, "ಗುಟ್ಟಿನ ಮದ್ದು", ಲೋಹ, ಪಾದರಸದಿಂದ ಮಾಡುವ ಭಸ್ಮ, ರಸೌಷಧಿ ಮಗುವಿನ ಬಾಯಿಗೆ ನೀವಾಗಿ ಹಾಕಬೇಡಿ.

ಆಯುರ್ವೇದವೇ ಬೇಕು ಅಂದರೆ ಅದನ್ನು ಓದಿದವರ ಹತ್ತಿರ ಹೋಗಿ. ಕೌಮಾರಭೃತ್ಯದಲ್ಲಿ ಎಂ.ಡಿ. ಮಾಡಿದ ವೈದ್ಯರು ಮಕ್ಕಳಿಗೆಂದೇ ಕಲಿತವರು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದ ಎರಡೂ ಇರುವ ವಿಭಾಗವೇ ಇದೆ.

ಮನೆಯಲ್ಲಿದ್ದರೂ ಕೊಡಬಾರದವು

ಜಾಯಿಕಾಯಿ: ಹಾಲಿನಲ್ಲಿ ತೇಯ್ದು ಕೊಟ್ಟರೆ ಮಗು ಮಲಗುತ್ತದೆ, ನಿಜ. ಆದರೆ ಅದು ಅಮಲು, ನಿದ್ದೆಯಲ್ಲ. ಸ್ವಲ್ಪ ಹೆಚ್ಚಾದರೂ ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಇಲ್ಲದ್ದು ಕಾಣುತ್ತದೆ. ತೇಯುವುದರಲ್ಲಿ ಅಳತೆ ಎಲ್ಲಿದೆ?

ಬಜೆ: ಮಾತು ಬರಲಿ, ಬುದ್ಧಿ ಬರಲಿ ಅಂತ ತಲೆಮಾರುಗಳಿಂದ ನಾಲಿಗೆಗೆ ಹಚ್ಚುತ್ತಾ ಬಂದಿದ್ದಾರೆ. ಇದರಲ್ಲಿರುವ ಬೀಟಾ-ಅಸರೋನ್ ಅನ್ನುವ ರಾಸಾಯನಿಕ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದಿದೆ. ಅಮೆರಿಕದಲ್ಲಿ 1968ರಿಂದಲೇ ಆಹಾರದಲ್ಲಿ ಬಳಸುವಂತಿಲ್ಲ. ಹಿರಿಯರು ಬೇಜಾರು ಮಾಡಿಕೊಳ್ಳಬಹುದು. "ಡಾಕ್ಟರು ಬೇಡ ಅಂದಿದ್ದಾರೆ ಅಜ್ಜಿ" ಅಂತ ಡಾಕ್ಟರ ಮೇಲೆ ಹಾಕಿಬಿಡಿ, ಮನೆಯಲ್ಲಿ ಜಗಳ ಬೇಡ.

ಕರ್ಪೂರ, ನೀಲಗಿರಿ ಎಣ್ಣೆ: ನುಂಗಿದರೆ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಒಂದು ಕಡೆ ಕೂರದ ಮಗುವಿನ ಕೈಗೆ ಎಲ್ಲವೂ ಸಿಗುತ್ತದೆ. ಮೇಲಿನ ಬೀರುವಿಗೆ ಬೀಗ ಹಾಕಿಡಿ.

ಗಸಗಸೆ: ಹಬ್ಬದ ದಿನ ಒಂದು ಬಟ್ಟಲು ಪಾಯಸ ತಿನ್ನಲಿ. ದಿನಾ ರಾತ್ರಿ ನಿದ್ದೆಗೆ ಅಂತ ಅರೆದು ಕೊಡಬೇಡಿ. ಅದು ಅಫೀಮಿನ ಗಿಡದ ಬೀಜ.

ಜೇನುತುಪ್ಪ ಒಂದು ವರ್ಷದೊಳಗಿನ ಮಗುವಿಗೆ ಯಾವ ಮದ್ದಿನ ಜೊತೆಗೂ ಬೇಡ.

ಹಂತ 7: ಒಂದೊಂದೇ ಶುರು ಮಾಡಿ, ನಾಲ್ಕು ವಾರ ನೋಡಿ

ಎರಡು ಹೊಸದನ್ನು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೊದಲ ದಿನ ಬಹಳ ಸ್ವಲ್ಪ ಕೊಟ್ಟು ಮೈಮೇಲೆ ದದ್ದು, ವಾಂತಿ, ಭೇದಿ ಇದೆಯಾ ನೋಡಿ. ನೋಟ್‌ಬುಕ್ ಮುಂದುವರಿಸಿ. ನಾಲ್ಕು ವಾರದ ಅಂಕಗಳನ್ನು ಮೊದಲ ವಾರದ ಜೊತೆ ಹೋಲಿಸಿ. ವ್ಯತ್ಯಾಸ ಇಲ್ಲದಿದ್ದರೆ ಸಿರಪ್ ನಿಲ್ಲಿಸಿ. ತಂಬುಳಿ ಹೇಗೂ ಊಟ, ಅದು ಇರಲಿ. ವ್ಯತ್ಯಾಸ ಇದ್ದರೆ ಒಂದು ವಾರ ಬಿಟ್ಟು ನೋಡಿ. ಬಿಟ್ಟಾಗಲೂ ಮಗು ಹಾಗೆಯೇ ಚೆನ್ನಾಗಿದ್ದರೆ, ಕೆಲಸ ಮಾಡಿದ್ದು ಬಹುಶಃ ಹೊತ್ತಿಗೆ ಸರಿಯಾದ ನಿದ್ದೆ.

ಮಗು ಫಿಟ್ಸ್‌ಗೆ, ಥೈರಾಯ್ಡ್‌ಗೆ ಅಥವಾ ಎಡಿಎಚ್‌ಡಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳದೆ ಯಾವ ಸಾರ, ಮಾತ್ರೆಯನ್ನೂ ಸೇರಿಸಬೇಡಿ. ಗಿಡಮೂಲಿಕೆ ಶುರು ಮಾಡಿದೆವು ಅಂತ ಡಾಕ್ಟರ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಎಡಿಎಚ್‌ಡಿಗೆ ಡಾಕ್ಟರು ಬರೆಯುವ ಮಿಥೈಲ್‌ಫೆನಿಡೇಟ್‌ನಂಥ ಔಷಧಗಳಿಗೆ ಅಡ್ಡಪರಿಣಾಮ ಇವೆ, ಹಸಿವು ಕಡಿಮೆಯಾಗುತ್ತದೆ. ಆದರೆ ಅವು ಕೆಲಸ ಮಾಡುತ್ತವೆ ಅನ್ನುವುದಕ್ಕೆ ಇರುವ ಪುರಾವೆಯ ಹತ್ತಿರಕ್ಕೂ ಯಾವ ಸೊಪ್ಪೂ ಬರುವುದಿಲ್ಲ. ಆರು ವರ್ಷದೊಳಗಿನವರಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಪ್ಪ ಅಮ್ಮನಿಗೆ ಕೊಡುವ ತರಬೇತಿ.

ಎಲ್ಲಿಗೆ ಹೋಗಬೇಕು, ಯಾವಾಗ

ಶಾಲೆಯಿಂದ ಮತ್ತೆ ಮತ್ತೆ ದೂರು ಬರುತ್ತಿದ್ದರೆ, ಮಗು ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಮಾತು ತಡವಾಗಿದ್ದರೆ, ನಾಲ್ಕು ವಾರ ಕಾಯಬೇಡಿ. ಮೊದಲು ಮಕ್ಕಳ ಡಾಕ್ಟರು. ಅವರು ಕಳಿಸಿದರೆ ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಕಿವಿ, ಮಾತಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಅಷ್ಟು ದೂರ ಹೋಗಲು ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರ ಇದೆಯಾ ಅಂತ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಹೋಗುವಾಗ ನೋಟ್‌ಬುಕ್ ಮತ್ತು ಕೊಟ್ಟ ಎಲ್ಲ ಬಾಟಲಿ, ಪುಡಿ ಚೀಲಕ್ಕೆ ಹಾಕಿಕೊಳ್ಳಿ. "ಅದು ಬರೀ ನಾಟಿ ಮದ್ದು" ಅಂತ ಮುಚ್ಚಿಡಬೇಡಿ.

ಏನಾದರೂ ಕೊಟ್ಟ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮಗು ಎಬ್ಬಿಸಿದರೂ ಏಳದೆ ತೂಕಡಿಸಿದರೆ, ಉಸಿರಾಟಕ್ಕೆ ಕಷ್ಟವಾದರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಕೊಟ್ಟ ಮದ್ದಿನ ಡಬ್ಬಿ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ ಅಂತ ಸರಿಯಾಗಿ ಹೇಳಿ.